ತೇದು ಕುಡಿಸಿದ ಮಾತ್ರೆ

ಬೆಳಿಗ್ಗೆ ಆರೂಕಾಲಕ್ಕೆ ವಾಮಂಜೂರಿನ ದೇಯಿ ಮೊಮ್ಮಗಳಿಗೆಂದು ಸಾಣೆಕಲ್ಲಿನ ಮೇಲೆ ಬಜೆ ತೇಯುತ್ತಿದ್ದರು. ಕಲ್ಲು ಸದ್ದು ಮಾಡಿದ್ದೇ ತಡ, ಕೈ ನಿಂತಿತು.

ಹೋದ ವರ್ಷ ಗಂಡ ಬೂಬರ ಗಂಟುನೋವಿನ ಮಾತ್ರೆಯನ್ನೂ ಅವರು ಊರಿನ ವೈದ್ಯರ ಗುಳಿಗೆಯಂತೆ ಇದೇ ಕಲ್ಲಿನಲ್ಲಿ ತೇದು ಕುಡಿಸಿದ್ದರು. ದಿನವಿಡೀ ಸ್ವಲ್ಪಸ್ವಲ್ಪವೇ ಕರಗಬೇಕಿದ್ದ ಮದ್ದು ಪ್ರತಿಸಲವೂ ಒಮ್ಮೆಲೇ ಇಳಿದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಯಿತು. ಬೂಬ ಉಳಿಯಲಿಲ್ಲ.

"ಇಡೀ ನುಂಗ್ಬೇಕು ಅಂತ ನಿಮಗೆ ಯಾರೂ ಹೇಳ್ಲಿಲ್ಲ ಅಲ್ವಾ ಅತ್ತೆ? ನಿಮ್ಮ ತಪ್ಪು ಎಂತ ಉಂಟು?" ಎಂದಳು ಸೊಸೆ ಪ್ರಾಪ್ತಿ.

"ಡಾಕ್ಟರ್ ಹೇಳಿದ್ರು ಮಗಾ. ಅವರಿಗೆಂತ ಗೊತ್ತು ಅಂತ ನಾನೇ ನಗಾಡಿದ್ದು."

ಸದ್ದು ನಿಂತರೂ ದೇಯಿಗೆ ತನ್ನದೇ ದನಿ ಕೇಳುತ್ತದೆ. ಲೋಟ ಚಾಚಿ, ನರಳುತ್ತಿದ್ದ ಗಂಡನಿಗೆ ಅಂದು ಹೆಮ್ಮೆಯಿಂದ ಹೇಳಿದ ಮಾತು: "ನುಂಗಿದ್ರೆ ನೋವು ಹೋಗ್ಲಿಕ್ಕೆ ಸಂಜೆ ಆಗ್ತದೆ ಮಾರಾಯ್ರೇ. ತೇದದ್ದು ಕುಡೀರಿ, ಹತ್ತೇ ನಿಮಿಷ."