ಎಕ್ಕೆ ಎಲೆ ಕಟ್ಟಿದ ಕಾಲು

ತಪ್ಪು ನನ್ನದೇ. ಮಂಡಿಗೆ ಸದಾ ಎಕ್ಕೆ ಎಲೆ ಕಟ್ಟಿಕೊಂಡು ಓಡಾಡುವ ಅಜ್ಜಿಯ ಕುಂಟು ನಡಿಗೆಯೇ ನನ್ನ ಮಿಮಿಕ್ರಿಯ ಬಂಡವಾಳ. ಅಂದು ಸಂಜೆ ಜಮಖಂಡಿಯ ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ನನ್ನ ಮಿಮಿಕ್ರಿ ಇತ್ತು. ಬೆಳಿಗ್ಗೆ ಅಜ್ಜಿಯ ಎದುರಿಗೇ ಆ ನಡಿಗೆಯ ತಾಲೀಮು ನಡೆಸಿ, ಕಟ್ಟೆಯಿಂದ ಜಾರಿ ಪಾದ ಉಳುಕಿಸಿಕೊಂಡೆ.

ಅಜ್ಜಿ ಬೇಲಿಯ ಎಕ್ಕೆ ಎಲೆ ಹರಿದು ತಂದು, ತೊಟ್ಟಿನಿಂದ ಒಸರಿದ ಹಾಲು ಒರೆಸಿ, ಎಣ್ಣೆ ಸವರಿ, ಹಂಚಿನ ಮೇಲೆ ಬೆಚ್ಚಗೆ ಮಾಡಿದಳು.

“ಅದು ವಿಷ ಐತ್ಯಲ್ಲಬೇ ಆಯಿ,” ಎಂದೆ.

“ಹೌದು, ತಿನ್ನಬ್ಯಾಡ. ಆ ಹಾಲು ಹತ್ತಿದ ಕೈಲೆ ಕಣ್ಣ ತಿಕ್ಕಬ್ಯಾಡ,” ಎನ್ನುತ್ತ ಬಾವಿನ ಮೇಲೆ ಎಲೆಯಿಟ್ಟು ಹಳೆಯ ಸೀರೆಯ ತುಂಡಿನಿಂದ ಬಿಗಿದಳು.

ಸಂಜೆಗೆ ನೋವು ಇಳಿಯಿತು, ಕುಂಟು ಮಾತ್ರ ಉಳಿಯಿತು. ಹಾಗೇ ಕುಂಟುತ್ತ ಬಸ್ಸಿಗೆ ಹೊರಟವನನ್ನು ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

“ಇಷ್ಟ ದಿನಾ ನನ್ನ ನಡಿಗಿ ನಿನಗ ಬರತಿದ್ದಿಲ್ಲಲೇ. ಇವತ್ತ ಬರೋಬ್ಬರಿ ಬಂತು ನೋಡು.”