ಶುಕ್ರವಾರ ಸಂಜೆ ಅಪ್‌ಲೋಡ್ ಇಲ್ಲ

ಗೆಳೆಯರೇ, ನಂಜನಗೂಡಿನ ನಮ್ಮ ಮನೆಯಲ್ಲಿ ಇವತ್ತಿನಿಂದ ಇಂಟರ್ನೆಟ್ಟಿಗೂ ಶಾಸ್ತ್ರ ಬಂದಿದೆ.

ಕವಲಂದೆಯವರೊಬ್ಬರ ಲಗ್ನಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮುಗಿಸಿದ್ದೆ. ಏಳು ಗಂಟೆಯೊಳಗೆ ಮೈಸೂರಿನ ಪ್ರೆಸ್ಸಿಗೆ ಮೇಲ್ ಮಾಡದಿದ್ದರೆ ಈ ವಾರ ಅಚ್ಚಾಗುವುದಿಲ್ಲ. ಫೈಲು ಅರ್ಧ ಹೋಗುವಷ್ಟರಲ್ಲಿ ಮೋಡೆಮ್ಮಿನ ದೀಪಗಳೆಲ್ಲ ಆರಿದವು. ತಿರುಗಿ ನೋಡಿದರೆ ಅತ್ತೆ ಅದರ ವೈರು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಾರೆ.

“ಶುಕ್ರವಾರ, ದೀಪ ಹಚ್ಚೋ ಹೊತ್ತು. ಪಕ್ಕದ್ಮನೇರು ಹೆಪ್ಪಿಗೆ ಒಂದು ಚಮಚ ಮೊಸರು ಕೇಳುದ್ರೂ ನಾನು ಕೊಡಲ್ಲ. ನೀನು ಲಕ್ಷ್ಮಿ ಪಟ ಇರೋ ಪತ್ರಿಕೇನೇ ಆಚೆ ಕಳಿಸ್ತಿದ್ದೀಯಲ್ಲವ್ವಾ.”

“ಹೋಗೋದು ಬರೀ ಕಾಪಿ ಅತ್ತೆ. ಅಸಲು ಇಲ್ಲೇ ಇರ್ತದೆ.”

“ಹೆಪ್ಪಿಗೆ ಕೊಟ್ರೂ ಮೊಸರಿನ ಗಡಿಗೆ ಇಲ್ಲೇ ಇರ್ತದೆ. ಆದ್ರೂ ಕೊಡ್ತೀವಾ?”

ಡೌನ್‌ಲೋಡ್ ಎಂದರೆ ಬರುವುದು, ಅಪ್‌ಲೋಡ್ ಎಂದರೆ ಹೋಗುವುದು ಎಂದು ಹೋದ ವಾರ ಅವರಿಗೆ ಅಕ್ಕರೆಯಿಂದ ಕಲಿಸಿದವಳು ನಾನೇ.

ನನ್ನ ಮುಖ ನೋಡಿ ಅತ್ತೆ ಸ್ವಲ್ಪ ಮೆತ್ತಗಾದರು. “ಹಂಗಂತ ಪೂರ್ತಿ ನಿಲ್ಸು ಅನ್ನಲ್ಲ ಕಣವ್ವಾ. ಡೌನ್‌ಲೋಡು ಎಷ್ಟಾದ್ರೂ ಮಾಡ್ಕೊ. ಬರೋ ಲಕ್ಷ್ಮೀನ ಬ್ಯಾಡ ಅನ್ನಬಾರ್ದು.”

ಪೆನ್ ಡ್ರೈವನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಸೈಬರ್ ಕೆಫೆಗೆ ಬಂದೆ. ಪತ್ರಿಕೆ ಹೋಯಿತು. ಈ ಪೋಸ್ಟನ್ನೂ ಇಲ್ಲಿಂದಲೇ ಹಾಕುತ್ತಿದ್ದೇನೆ. ನೀವು ಧಾರಾಳವಾಗಿ ಕಾಮೆಂಟ್ ಮಾಡಿ. ಅವು ಮನೆಯೊಳಗೆ ಬರುವ ಸರಕು, ಅತ್ತೆಯ ಅಡ್ಡಿಯಿಲ್ಲ. ನನ್ನ ಉತ್ತರ ಮಾತ್ರ ನಾಳೆ ಬೆಳಿಗ್ಗೆ.