ಕರಿ ಕಂಬಳಿ ಓದುವ ಭರಮವ್ವ

ಬೆಳಗಿನ ಆರು ಗಂಟೆ. ದುಂಡಸಿಯ ದನದ ದವಾಖಾನೆಯ ಕಟ್ಟೆಯ ಮೇಲೆ ಭರಮವ್ವ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಮುಂದೆ ಅಂಗೈಯಗಲದ ಕರಿ ಕಂಬಳಿಯ ತುಂಡುಗಳು. ಒಂದನ್ನು ಎಳೆ ಬಿಸಿಲಿಗೆ ಹಿಡಿದು ಉಗುರಿನಿಂದ ಕೆರೆಯುತ್ತಾರೆ, ಇನ್ನೊಂದನ್ನು ಮೂಸಿ ನೋಡುತ್ತಾರೆ. ನೋಡುವವರು ಮುಖ ಸಿಂಡರಿಸಿದರೆ ತಪ್ಪೇನಿಲ್ಲ. ಅವೆಲ್ಲ ಯಾರ‍್ಯಾರದೋ ಮನೆಯ ಮೊಲಗಳು ಉಚ್ಚೆ ಹೊಯ್ದ ತುಂಡುಗಳು.

“ಇದು ಸವಣೂರಿಂದು. ತೆಳ್ಳಗ, ಬೆಳ್ಳಗ ಒಣಗೇತಿ, ಚೊಲೊ ಐತಿ. ಇದನ್ನ ನೋಡ್ರಿ, ಹಾನಗಲ್ಲಿಂದು. ಸುಣ್ಣಾ ಮೆತ್ತಿದಂಗ ದಪ್ಪ ಆಗೇತಿ. ಈ ಮೊಲಕ್ಕ ಉಚ್ಚಿ ಹೊಯ್ಯುವಾಗ ಉರಿ ಆಗಾಕತ್ತೇತಿ. ಮನಿಯವರು ಮಾತ್ರ ಸೊಕ್ಕು ಬಂದೇತಿ ಅಂತಾರ.”

ಭರಮವ್ವನಿಗೆ ನಲವತ್ತೆಂಟು. ದವಾಖಾನೆಯ ಕಸ ಗುಡಿಸುವುದು, ನೆಲ ತೊಳೆಯುವುದು ಅವರ ಕೆಲಸ. ಎಂಟಕ್ಕೆ ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿರಬೇಕು. ಮಧ್ಯಾಹ್ನದ ಮೇಲೆ ಸೀರೆಯ ಸೆರಗಿಗೆ ಆಧಾರ್ ಕಾರ್ಡು ಕಟ್ಟಿಕೊಂಡು, ಹೆಂಗಸರಿಗೆ ಟಿಕೆಟ್ ಇಲ್ಲದ ಸರ್ಕಾರಿ ಬಸ್ಸು ಹತ್ತುತ್ತಾರೆ. ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರು: ವಾರಕ್ಕೆ ಹತ್ತು ಹನ್ನೆರಡು ಮನೆ, ದಿನಕ್ಕೆ ಏನಿಲ್ಲವೆಂದರೂ ಎಂಟು ಫೋನು. ಮಕ್ಕಳ ಹಠಕ್ಕೆ ಸಂತೆಯಿಂದ ಮೊಲ ತಂದವರು ಈಗ ಊರೂರಿಗೂ ಇದ್ದಾರೆ. ತಿಂಗಳುಗಟ್ಟಲೆ ಒಂದೇ ಮೂಲೆಯ ಬುಟ್ಟಿಯಲ್ಲಿ ಶಿಸ್ತಾಗಿ ಉಚ್ಚೆ, ಹಿಕ್ಕೆ ಮುಗಿಸುತ್ತಿದ್ದ ಮೊಲ ಒಂದು ದಿನ ಇದ್ದಕ್ಕಿದ್ದಂತೆ ಹಾಸಿಗೆ ಹತ್ತಿ ಹೊಯ್ಯುತ್ತದೆ, ಮುಟ್ಟಿದರೆ ಗುರ್ ಎನ್ನುತ್ತದೆ, ಹಿಂಗಾಲು ನೆಲಕ್ಕೆ ಬಡಿಯುತ್ತದೆ. ಆಗ ಮನೆಯವರಿಗೆ ಭರಮವ್ವ ನೆನಪಾಗುತ್ತಾರೆ.

ಅವರು ಮೊದಲು ಮೊಲವನ್ನು ಮುಟ್ಟುವುದೇ ಇಲ್ಲ. ಮನೆಯನ್ನು ನೋಡುತ್ತಾರೆ. ಸವಣೂರಿನ ಮುಬಶೀರ ಅವರ ಮನೆಯಲ್ಲಿ ಹಬ್ಬಕ್ಕೆಂದು ಬುಟ್ಟಿಯನ್ನೂ ಫಿನೈಲ್ ಹಾಕಿ ಫಳಫಳ ತೊಳೆದಿದ್ದರು. ತನ್ನ ವಾಸನೆಯೇ ಇಲ್ಲದ ಬುಟ್ಟಿಯನ್ನು ಮೊಲ ಗುರುತು ಹಿಡಿಯಲಿಲ್ಲ. ಹಿರೇಕೆರೂರಿನ ಶಿಕ್ಷಕಿ ಶೈಲಶ್ರೀ ಅವರ ಮೊಲ ಎದೆಯ ಕೂದಲನ್ನು ತಾನೇ ಕಿತ್ತುಕೊಳ್ಳುತ್ತಿತ್ತು. ಕಜ್ಜಿಯೆಂದು ಅವರು ಅರಿಸಿನ ಎಣ್ಣೆ ಹಚ್ಚುತ್ತಿದ್ದರು. ಭರಮವ್ವ ನೋಡಿ ನಕ್ಕು ಬಂದರು. ಎರಡು ದಿನ ಬಿಟ್ಟು ‘ಕಜ್ಜಿ’ ಕಿತ್ತ ಕೂದಲ ಗೂಡಿನಲ್ಲಿ ಐದು ಮರಿ ಹಾಕಿತ್ತು. ಹಾನಗಲ್ಲಿನ ಮೊಲದ್ದು ಮಾತ್ರ ನಗುವ ವಿಷಯವಲ್ಲ. ಪ್ರೀತಿಯಿಂದ ಮೂರು ಹೊತ್ತೂ ಬರೀ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ತಿನ್ನಿಸಿದ್ದಾರೆ. ಅದರ ಸುಣ್ಣದಂಶಕ್ಕೆ ಉಚ್ಚೆ ಗಟ್ಟಿಯಾಗಿದೆ. ಇಂಥದ್ದನ್ನು ಅವರು ತಡಮಾಡದೆ ಡಾಕ್ಟರ ಬಳಿ ಕಳಿಸುತ್ತಾರೆ.

“ನಾ ಡಾಕ್ಟರ್ ಅಲ್ರಿ. ಔಷಧದ ಹೆಸರ ಸೈತ ನನಗ ಬರಂಗಿಲ್ಲ. ಇದು ಹಠಾ ಅಲ್ಲ, ತ್ರಾಸು ಅಂತ ಹೇಳಾಕ ಹೋಗ್ತೇನಿ, ಅಷ್ಟ.”

ಈ ಮಾತಿನ ಹಿಂದೆ ಒಂದು ಹಳೆಯ ಗಾಯವಿದೆ. ಗಂಡ ತೀರಿಕೊಂಡ ಮೇಲೆ ಭರಮವ್ವ ಹಂಸಭಾವಿ ಕಡೆಯ ಮೊಲ ಸಾಕುವ ಶೆಡ್ಡೊಂದರಲ್ಲಿ ಹನ್ನೊಂದು ವರ್ಷ ದುಡಿದರು. ಇನ್ನೂರು ಮೊಲ. ಸೇರಿದ ಮೊದಲ ವರ್ಷ ಒಂದು ಹೆಣ್ಣು ಮೊಲ ಕಂಡಕಂಡಲ್ಲಿ ಉಚ್ಚೆ ಹೊಯ್ಯತೊಡಗಿತು. ಬುದ್ಧಿ ಬರಲೆಂದು ಇವರು ಅದನ್ನು ಒಂಟಿ ಪಂಜರಕ್ಕೆ ಹಾಕಿ ಗದರಿದರು. ಮೂರನೆಯ ದಿನ ಅದು ಸತ್ತಿತ್ತು. “ಅದರ ಮುಂದ ನಿಂತು ಬೈದಿದ್ದೆನ್ರಿ. ನೋವು ತಿನ್ನೂ ಜೀವಕ್ಕ ಬೈದಿದ್ದೆ,” ಎನ್ನುವಾಗ ಇಷ್ಟು ವರ್ಷಗಳ ಮೇಲೂ ಅವರ ಕಣ್ಣು ತುಂಬುತ್ತದೆ. ಅಂದಿನಿಂದಲೇ ಕಂಬಳಿಯ ತುಂಡು ಹಾಸುವ ಪಾಠ ಶುರುವಾಯಿತು. ಮೊಲದ ಉಚ್ಚೆ ಒಣಗಿದರೆ ಬೆಳ್ಳಗೆ ಕಾಣುತ್ತದೆ, ಕರಿ ಕಂಬಳಿಯ ಮೇಲೆ ಅದು ಅಡಗುವುದಿಲ್ಲ.

ಹೋದ ಚಳಿಗಾಲದಲ್ಲಿ ತಡಸದಿಂದ ಜಯಾ ಎಂಬ ಅಂಗನವಾಡಿ ಸಹಾಯಕಿ ಫೋನು ಮಾಡಿದರು. ಆಕೆಯ ಮಾವ ಹನುಮಂತಪ್ಪ ಬಸ್ ಕಂಡಕ್ಟರ್ ಆಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಅವರ ಗುಂಡ ಎಂಬ ಮೊಲ ರಾತ್ರಿ ಅವರ ಕಾಲ ಬುಡದಲ್ಲೇ ಮಲಗುತ್ತದೆ. ಒಂದು ತಿಂಗಳಿಂದ ಅದು ಕೌದಿಯನ್ನೆಲ್ಲ ತೋಯಿಸುತ್ತಿದೆ ಎಂದು ಮಾವನೇ ದೂರುತ್ತಿದ್ದರು. “ವಾರದಾಗ ನಾಕು ಸಲ ಕೌದಿ ಒಗೀತೇನ್ರಿ. ಡ್ಯೂಟಿಗಿ ಹೋಗ್ಲ್ಯೋ, ಒಗೀತ ಕುಂದರ‍್ಲ್ಯೋ? ಐತವಾರ ಕನಕಪ್ಪ ಬಂದು ಒಯ್ತಾನ,” ಎಂದರು ಜಯಾ. ಕನಕಪ್ಪ ಮೊಲ ಒಯ್ಯುವುದು ಸಾಕುವುದಕ್ಕಲ್ಲ ಎಂಬುದು ಊರಿಗೆಲ್ಲ ಗೊತ್ತು.

ಗುಂಡನ ಮೂಲೆಯ ಬುಟ್ಟಿಯನ್ನು ನೋಡಿಯೇ ಭರಮವ್ವನಿಗೆ ಅನುಮಾನ ಬಂತು. ಉಚ್ಚೆ, ಹಿಕ್ಕೆ ಎರಡೂ ಬೀಳಬೇಕಾದಲ್ಲೇ ಬಿದ್ದಿದ್ದವು. ಆದರೂ ಕೌದಿಯ ಕೆಳಗೊಂದು ಕಂಬಳಿಯ ತುಂಡು ಹಾಸಿ ಬಂದರು. ಮರುದಿನ ದವಾಖಾನೆಗೆ ರಜೆ ಹೇಳಿ ನಸುಕಿಗೇ ಹೋಗಿ ತೆಗೆದರೆ ತುಂಡು ತೊಯ್ದು ತೊಪ್ಪೆಯಾಗಿತ್ತು. ಹಿತ್ತಲಿನ ಬಿಸಿಲಿನಲ್ಲಿ ಒಣಗಿಸಿದರು. ಬಿಳಿಯ ಗುರುತೇ ಇಲ್ಲ. ಎರಡು ಕಿಲೋ ತೂಗದ ಮೊಲ ಅಷ್ಟು ಹೊಯ್ಯಲಾರದು ಎನ್ನುವುದಕ್ಕೆ ಕಂಬಳಿಯ ಸಾಕ್ಷಿಯೂ ಬೇಕಿರಲಿಲ್ಲ.

ಜಯಾ ನೀರು ತರಲು ಹೋದ ಹೊತ್ತು ನೋಡಿ ಭರಮವ್ವ ಹನುಮಂತಪ್ಪನವರ ಪಕ್ಕದಲ್ಲಿ ಕುಳಿತರು. “ಅಣ್ಣಾರ, ಗುಂಡಗ ಏನೂ ಆಗಿಲ್ರಿ. ಇದ್ದಕ್ಕಿದ್ದಂಗ ಹಿಂಗ ಆದ್ರ ಅದಕ್ಕೊಂದು ಜಡ್ಡು ಇರತೇತಿ. ಮೊಲಕ್ಕರ ಆಗ್ಲಿ, ಮನಶ್ಯಾರಿಗರ ಆಗ್ಲಿ. ಅದಕ್ಕ ಹೇಳಾಕ ಬಾಯಿಲ್ಲ. ನಿಮಗ ಐತಿ.”

ಹನುಮಂತಪ್ಪ ಗೋಡೆಯ ಕಡೆ ಹೊರಳಿದರು.

ಮುಂದಿನ ಮೂರು ದಿನ ಭರಮವ್ವನಿಗೆ ಅನ್ನ ಸೇರಲಿಲ್ಲ. ಜಯಾಗೆ ನಿಜ ಹೇಳಿದರೆ ಮೊಲ ಉಳಿಯುತ್ತದೆ, ಮುದುಕನ ಮರ್ಯಾದೆ ಹೋಗುತ್ತದೆ. ಸುಮ್ಮನಿದ್ದರೆ ತಪ್ಪು ಮಾಡದ ಜೀವ ಕನಕಪ್ಪನ ಬುಟ್ಟಿ ಸೇರುತ್ತದೆ. ಕೊನೆಗೆ ತಾವೇ ಗುಂಡನನ್ನು ಬೇಡಿ ತರುವುದೆಂದು ನಿಶ್ಚಯಿಸಿ ಭಾನುವಾರ ತಡಸಕ್ಕೆ ಹೋದರು. ಆಗಲೇ ಕನಕಪ್ಪ ಬಂದಾಗಿತ್ತು. ಗುಂಡ ಬುಟ್ಟಿಯೊಳಗಿತ್ತು, ಮೇಲೆ ಗೋಣಿತಟ್ಟು ಮುಚ್ಚಿತ್ತು. ಒಳಗಿನಿಂದ ಕಾಲು ಬಡಿಯುವ ಸದ್ದು. “ಇದನ್ನ ನನಗರ ಕೊಡ್ರಿ,” ಎಂದು ಭರಮವ್ವ ಬಾಯಿ ತೆರೆಯುವಷ್ಟರಲ್ಲಿ ಹನುಮಂತಪ್ಪ ಗೋಡೆ ಹಿಡಿದು ಎದ್ದು ನಿಂತರು.

“ಇಳಸೋ ಬುಟ್ಟಿ. ಜಯಾ, ಅದರದೇನೂ ತಪ್ಪಿಲ್ಲವ್ವ. ಕೌದಿ ತೋಯಸಾಂವ ನಾನು.”

ಕನಕಪ್ಪ ನೆಲ ನೋಡಿದ. ಜಯಾ ಅಳುತ್ತಲೇ ಸಿಟ್ಟು ಮಾಡಿದರು: “ಒಂದ್ ತಿಂಗಳಾತಲ್ರಿ ಮಾವಾರ! ನನಗ ಹೇಳಬಾರದಿತ್ತೇನ್ರಿ? ಇಷ್ಟ ಏನ್ರಿ ನಾ ನಿಮಗ?” ಮರುದಿನ ಆಕೆಯೇ ರಜೆ ಹಾಕಿ ಮಾವನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಮೂತ್ರಕೋಶದ ಕೆಳಗಿನ ಗ್ರಂಥಿ ಬೆಳೆದಿತ್ತು. ಗುಳಿಗೆ ನಡೆದಿವೆ. ಈಗ ವಾರಕ್ಕೊಮ್ಮೆ ತೋಯುತ್ತದೆ, ತೋಯ್ದ ದಿನವೂ ಯಾರೂ ಆ ಮಾತೆತ್ತುವುದಿಲ್ಲ. ಗುಂಡ ಕಾಲ ಬುಡದಲ್ಲೇ ಮಲಗುತ್ತದೆ.

ಇದನ್ನು ಬರೆಯಬಹುದೇ ಎಂದರೆ ಭರಮವ್ವ ಕೈ ಮುಗಿಯುತ್ತಾರೆ: “ನನ್ನ ಕೇಳಬ್ಯಾಡ್ರಿ. ಅದು ಅವರ ಮನಿ ಮಾತು.” ಅದೇ ಪ್ರಶ್ನೆಯನ್ನು ತಡಸದ ಮನೆಯ ಕಟ್ಟೆಯಲ್ಲಿ ಕೇಳಿದಾಗ ಹನುಮಂತಪ್ಪ ಮೊಲದ ಕಿವಿ ನೇವರಿಸುತ್ತಾರೆ. “ಬರೀರಿ. ಹೆಸರು ಬದಲಿ ಮಾಡಬ್ಯಾಡ್ರಿ. ಯಾರರ ಮನ್ಯಾಗ ನನ್ನಂಥ ಮುದುಕ ನಾಚಿಕೊಂಡು ಕುಂತಿದ್ರ ಓದ್ಲಿ.”

ದುಂಡಸಿಗೆ ಮರಳಿ ಈ ಮಾತು ಮುಟ್ಟಿಸಿದಾಗ ಭರಮವ್ವ ಅಂಗಳ ತೊಳೆಯುತ್ತಿದ್ದಾರೆ. ಮೊಲವನ್ನೂ ಉಳಿಸಿದಿರಿ, ಮನುಷ್ಯರನ್ನೂ ಉಳಿಸಿದಿರಿ ಎಂದರೆ ಒಪ್ಪುವುದಿಲ್ಲ. ಬಕೆಟ್ಟು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಸ್ವಲ್ಪ ನಾಚಿ ಹೇಳುತ್ತಾರೆ:

“ಹೇಳಬೇಕಾದವ್ರು ಅವರ ಹೇಳಿದ್ರು. ನನಗ ಗೊತ್ತಿದ್ದೂ ಮೂರ್ ದಿನ ಬಾಯಿ ಮುಚ್ಚಿಕೊಂಡಿದ್ದೆ ನೋಡ್ರಿ, ಅದೊಂದ ನಾ ಮಾಡಿದ ಕೆಲಸ.”